ಭೂತಗನ್ನಡಿ ಕೊಂಡ ಕ್ಯಾಮೆರಾ

ಕ್ಯಾಮೆರಾ ಮಾರುವ ಜಾಲತಾಣವೊಂದರಲ್ಲಿ, ಕೊಂಡವರು ಅಭಿಪ್ರಾಯ ಬರೆಯುವ ಜಾಗದಲ್ಲಿ ನನ್ನ ಗೆಳೆಯನ ಬರಹ ಇನ್ನೂ ಹಾಗೇ ಇದೆ. ಐದರಲ್ಲಿ ಒಂದೇ ಸ್ಟಾರ್. ‘ಮೊದಲ ಸಲ ಡಿಎಸ್‌ಎಲ್‌ಆರ್ ಕೊಳ್ಳುವವರಿಗೆ ಇದು ಹೇಳಿ ಮಾಡಿಸಿದ್ದು ಅಂತ ಬರೆದ ಪುಣ್ಯಾತ್ಮರೆಲ್ಲ ಒಂದು ಸಲ ನಮ್ಮ ಮನೆಗೆ ಬಂದು ನಮ್ಮಕ್ಕನ ಒಂದು ಫೋಟೋ ತೆಗೆದು ತೋರಿಸಲಿ’ ಎಂದು ಅದು ಶುರುವಾಗುತ್ತದೆ. ಅದರ ಕೆಳಗೆ ಮೊನ್ನೆ ಯಾರೋ ಕೇಳಿದ್ದಾರೆ: ‘ಸರ್, ಈಗಲೂ ಇದೇ ಕ್ಯಾಮೆರಾ ಬಳಸ್ತಿದ್ದೀರಾ? ಕೊಳ್ಳಬಹುದಾ?’

ಬಳಸುತ್ತಿಲ್ಲ. ಅವನು ತೀರಿಹೋದ. ಬೆಳಿಗ್ಗೆ ಅಂಗಡಿಯ ಬೀಗ ತೆಗೆಯುತ್ತಿದ್ದವನು ಎದೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತ. ಎದುರಿನ ಲೈಬ್ರರಿಯಲ್ಲಿ ಕೆಲಸ ಮಾಡುವ ನಾನು ಓಡಿ ರಸ್ತೆ ದಾಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆ ಪ್ರಶ್ನೆಗೆ ಎರಡು ಸಾಲಿನ ಉತ್ತರ ಬರೆಯಲು ಕೂತೆ. ಆಗಲಿಲ್ಲ. ಇದನ್ನು ಬರೆಯುತ್ತಿದ್ದೇನೆ.

ಅವನದು ಕನ್ನಡಕದ ಅಂಗಡಿ. ಕಣ್ಣು ಪರೀಕ್ಷಿಸುವವನೂ ಅವನೇ, ಗಾಜು ಅರೆದು ಫ್ರೇಮಿಗೆ ಕೂರಿಸುವವನೂ ಅವನೇ. ಯಾವ ವಸ್ತುವನ್ನಾದರೂ ಮೂಗಿನ ಹತ್ತಿರ ತಂದು ತಿರುವಿ ಮುರುವಿ ನೋಡುವ ಚಟಕ್ಕೆ ಬೀದಿಯವರು ಅವನನ್ನು ಭೂತಗನ್ನಡಿ ಎಂದೇ ಕರೆಯುತ್ತಿದ್ದರು. ತರಕಾರಿಯವಳಂತೂ, ಅವನು ಟೊಮೆಟೊ ಎತ್ತಿಕೊಂಡ ಕೂಡಲೇ, ‘ಕೊಳ್ತೀಯೋ, ಇಲ್ಲ ಅದಕ್ಕೂ ನಂಬರ್ ಹೇಳ್ತೀಯೋ?’ ಎನ್ನುತ್ತಿದ್ದಳು.

ಅಂಗಡಿಯಲ್ಲಿ ಕಣ್ಣಿನ ನಂಬರ್ ಹೇಳುವ ಯಂತ್ರವಿತ್ತು. ಅದು ಉಗುಳಿದ ಚೀಟಿಯನ್ನು ಅವನು ಪಕ್ಕಕ್ಕಿಟ್ಟು, ಗಿರಾಕಿಯ ಕಣ್ಣ ಮುಂದೆ ಒಂದೊಂದೇ ಗಾಜು ಬದಲಿಸುತ್ತಾ, ‘ಇದರಲ್ಲಿ ಚೆನ್ನಾಗಿ ಕಾಣುತ್ತಾ, ಅದರಲ್ಲಾ?’ ಎಂದು ತಾಳ್ಮೆಯಿಂದ ಕೇಳುತ್ತಿದ್ದ. ‘ಯಂತ್ರ ಹೇಳೋದು ಅಂದಾಜು ಕಣೋ ಹುಳ, ತೀರ್ಪು ಹೇಳೋದು ಕಣ್ಣು’ ಎಂಬುದು ಅವನ ಸಿದ್ಧಾಂತ. ಹುಳ ಎಂದರೆ ನಾನು, ಪುಸ್ತಕದ ಹುಳ.

ಮನೆಯಲ್ಲಿ ಅವನೂ ಅಕ್ಕನೂ ಇಬ್ಬರೇ. ಅಪ್ಪ ಅಮ್ಮ ಹೋದ ಮೇಲೆ ಹೊಲಿಗೆ ಯಂತ್ರ ತುಳಿದು ಅವನನ್ನು ಸಾಕಿ, ಓದಿಸಿ, ಅಂಗಡಿ ಹಾಕಿಕೊಟ್ಟವಳು ಅಕ್ಕ. ಮುಂದಿನ ಕೋಣೆಯೇ ಅವಳ ಹೊಲಿಗೆಯ ಕೋಣೆ: ಕಿಟಕಿಯ ಪಕ್ಕ ಯಂತ್ರ, ಗೋಡೆಗೆ ಒರಗಿದ ಪರದೆ ಬಟ್ಟೆಯ ಸುರುಳಿಗಳು, ಕಾಲಿಟ್ಟಲ್ಲೆಲ್ಲ ದಾರದ ಚೂರು. ಅವಳ ಬಾಯಿಗೆ ಬೀಗವಿಲ್ಲ. ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೂ ಮಾತಾಡುತ್ತಾಳೆ. ಅವಳದೆಂದು ಇದ್ದ ಫೋಟೋ ಒಂದೇ, ಗುರುತಿನ ಚೀಟಿಯದು. ‘ಈ ಹೆಂಗಸನ್ನ ದಾರೀಲಿ ಕಂಡ್ರೆ ನಾನೇ ಪೊಲೀಸಿಗೆ ಹಿಡ್ಕೊಡ್ತೀನಿ’ ಎಂದು ಅವಳೇ ನಗುತ್ತಿದ್ದಳು. ಅವನ ಫೋನಿನಲ್ಲಿ ತೆಗೆದರೆ ಮುಖಕ್ಕಿಂತ ಮೊದಲು ಮೂಗು ಬಂದು ಕೂರುತ್ತಿತ್ತು.

ಅವನಿಗೆ ಬೇಕಾಗಿದ್ದು ಅಕ್ಕನ ಒಂದು ಒಳ್ಳೆಯ ಫೋಟೋ. ಯಂತ್ರದ ಮುಂದೆ ಕೂತು ಮಾತಾಡುತ್ತಿರುವಾಗಿನ ಅಕ್ಕ, ಇದ್ದ ಹಾಗೆ. ಅದನ್ನು ದೊಡ್ಡದು ಮಾಡಿಸಿ ತೂಗುಹಾಕಲು ಕ್ಯಾಮೆರಾ ಕೊಳ್ಳುವ ಮೊದಲೇ ಗೋಡೆಗೆ ಮೊಳೆ ಹೊಡೆದಿದ್ದ. ‘ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ್ನಂತೆ’ ಎಂದಳು ಅಕ್ಕ. ‘ಅಲ್ವೋ, ಬದುಕಿರೋಳನ್ನ ಗೋಡೆಗೆ ನೇತಾಕ್ತೀಯಾ?’ ಖಾಲಿ ಮೊಳೆಗೆ ತನ್ನ ಅಳತೆಯ ಟೇಪು ಸಿಕ್ಕಿಸಿದಳು.

ಕೊಳ್ಳುವ ಮುಂಚೆ ಅವನು ಕೊಂಡವರ ಅಭಿಪ್ರಾಯಗಳನ್ನೆಲ್ಲ ಓದಿದ. ನನಗೂ ಓದಿ ಹೇಳಿದ. ಒಬ್ಬ ಐದು ಸ್ಟಾರ್ ಕೊಟ್ಟು ‘ಡಬ್ಬಿ ಬಹಳ ಚೆನ್ನಾಗಿದೆ, ಇನ್ನೂ ತೆರೆದಿಲ್ಲ’ ಎಂದು ಬರೆದಿದ್ದ. ಇನ್ನೊಬ್ಬ ‘ಕ್ಯಾಮೆರಾ ಅದ್ಭುತ, ಆದರೆ ಪಟ್ಟಿ ಕುತ್ತಿಗೆಗೆ ಚುಚ್ಚುತ್ತೆ’ ಎಂದು ಒಂದೇ ಸ್ಟಾರ್ ಕೊಟ್ಟಿದ್ದ. ಮದುವೆಗಳ ಫೋಟೋ ತೆಗೆಯುವವನೊಬ್ಬ ‘ಇದು ಕಲಿಯೋರ ಕ್ಯಾಮೆರಾ, ಬೇಗ ಬೇಜಾರಾಗುತ್ತೆ’ ಎಂದರೆ, ‘ಕಲಿಯೋರಿಗೆ ಇದು ಯಾಕೆ, ಫೋನ್ ಸಾಕು’ ಎಂದು ಅವನ ಕೆಳಗೇ ಮತ್ತೊಬ್ಬ. ಭೂತಗನ್ನಡಿ ತಲೆ ಕೆಡಿಸಿಕೊಂಡು ಮತ್ತೆ ಮೊದಲಿನಿಂದ ಓದುತ್ತಿದ್ದ. ‘ಹೆಣ್ಣು ನೋಡೋವಾಗ ಇಷ್ಟು ವಿಚಾರಿಸಿದ್ದಿದ್ರೆ ಇಷ್ಟೊತ್ತಿಗೆ ಮೊಮ್ಮಕ್ಕಳಾಗ್ತಿದ್ವು’ ಎಂದಳು ಅಕ್ಕ, ಯಂತ್ರ ನಿಲ್ಲಿಸದೆ.

ಕೊನೆಗೂ ಕೊಂಡ. ತಂದ ದಿನ ಅವನು ಮೊದಲು ಮಾಡಿದ್ದು ಕನ್ನಡಕ ತೆಗೆದಿಟ್ಟು ಕ್ಯಾಮೆರಾದ ಕಿಂಡಿಗೆ ಕಣ್ಣಿಟ್ಟದ್ದು. ಕಿಂಡಿಯ ಪಕ್ಕದಲ್ಲಿ ಅಂಗಿಯ ಗುಂಡಿಗಿಂತ ಸಣ್ಣದೊಂದು ಚಕ್ರವಿರುತ್ತದೆ. ನೋಡುವವರ ಕಣ್ಣಿನ ನಂಬರಿಗೆ ತಕ್ಕಂತೆ ಅದನ್ನು ತಿರುಗಿಸಿಕೊಂಡರೆ ಕನ್ನಡಕವಿಲ್ಲದೆಯೂ ಒಳಗಿನ ಚಿತ್ರ ಸ್ಪಷ್ಟವಾಗಿ ಕಾಣುತ್ತದೆ. ‘ನೋಡೋ ಹುಳ, ಒಳಗೇ ಕನ್ನಡಕ ಇಟ್ಟಿದ್ದಾರೆ! ಇದು ನಮ್ಮ ಅಂಗಡಿಗೆ ಸಂಬಂಧಿಕರ ಪೈಕಿ’ ಎಂದು ಕುಣಿದಾಡಿಬಿಟ್ಟ. ಅಕ್ಕನಿಗೂ ತೋರಿಸಿಕೊಟ್ಟ. ‘ಯಾವ ಗಾಜಾದ್ರೂ ಸರಿ ಅಕ್ಕ, ಮೊದಲು ನಿನ್ನ ಕಣ್ಣಿಗೆ ಹೊಂದಿಸ್ಕೋ, ಆಮೇಲೆ ನೋಡು.’ ಎರಡನೆಯದಾಗಿ ಅವನು ಮಾಡಿದ್ದು ಲೆನ್ಸಿನ ಪಕ್ಕದ ಗುಂಡಿ ಸರಿಸಿ ಆಟೋ ಫೋಕಸ್ ನಿಲ್ಲಿಸಿದ್ದು. ಫೋಕಸ್ ಎಲ್ಲಿ ಎಂಬುದನ್ನು ಕಣ್ಣೇ ಹೇಳಬೇಕು, ಯಂತ್ರವಲ್ಲ.

ಆಮೇಲೆ ಶುರುವಾಯಿತು ಪಡಿಪಾಟಲು. ಬೀದಿ, ಮರ, ಲೈಬ್ರರಿಯ ಮೆಟ್ಟಿಲ ಮೇಲೆ ಆಕಳಿಸುತ್ತಿರುವ ನಾನು — ಎಲ್ಲ ಸ್ಪಷ್ಟವಾಗಿ ಬರುತ್ತಿತ್ತು. ಅಕ್ಕನ ಫೋಟೋ ಮಾತ್ರ ಮಸುಕು. ಅವಳ ಹಿಂದಿನ ಪರದೆ ಬಟ್ಟೆಯ ಹೂವುಗಳು ಎಣಿಸುವಂತೆ ಕಾಣುತ್ತಿದ್ದವು. ಅವಳು ಆವಿ ಹಿಡಿದ ಗಾಜಿನ ಆಚೆ ಕೂತಂತಿರುತ್ತಿದ್ದಳು. ಮತ್ತೆ ತೆಗೆದ. ಕಿಟಕಿ ತೆರೆದು ತೆಗೆದ, ಸ್ಟ್ಯಾಂಡ್ ತಂದು ತೆಗೆದ, ಲೆನ್ಸ್ ಒರೆಸಿ ಒರೆಸಿ ತೆಗೆದ. ಪ್ರತಿ ಸಲವೂ ಮಸುಕು.

‘ಅಲ್ಲಾಡ್ತೀಯ ಅಕ್ಕ ನೀನು. ಒಂದು ಗಳಿಗೆ ಬಾಯಿ ಮುಚ್ಚು.’

‘ಬಾಯಿ ಮುಚ್ಚಿದ್ರೆ ಅದು ನನ್ನ ಫೋಟೋ ಹೇಗಾಗುತ್ತೋ? ಕುಣೀಲಾರದೋಳು ನೆಲ ಡೊಂಕು ಅಂದ್ಳಂತೆ.’

‘ನೆಲ ಅಲ್ಲ, ಕ್ಯಾಮೆರಾನೇ ಡೊಂಕು. ದರಿದ್ರದ್ದು.’

ಅದನ್ನು ಕ್ಯಾಮೆರಾ ಅಂಗಡಿಗೆ ಹೊತ್ತುಕೊಂಡು ಹೋದ, ನಾನೂ ಜೊತೆಗಿದ್ದೆ. ಕ್ಯಾಮೆರಾ ಅಂಗಡಿಯವನು ಗುಂಡಿ ಸರಿಸಿ, ರಸ್ತೆಯ ಒಂದು ಫೋಟೋ ತೆಗೆದು ತೋರಿಸಿದ. ಕನ್ನಡಿಯ ಹಾಗಿತ್ತು. ‘ಏನೂ ತೊಂದ್ರೆ ಇಲ್ಲ ಸರ್. ಆಟೋಗೆ ಹಾಕ್ಬಿಡಿ, ಅದೇ ನೋಡ್ಕೊಳ್ಳುತ್ತೆ.’

‘ಅದೇ ನೋಡ್ಕೊಳ್ಳೋದಾದ್ರೆ ನಾನ್ಯಾಕೆ? ಕಣ್ಣಿನ ಅಂಗಡಿಯವನಿಗೇ ಕಣ್ಣಿಲ್ಲ ಅಂತೀರಾ?’

‘ಹಾಗಲ್ಲ ಸರ್... ಇನ್ನೂ ಒಳ್ಳೆ ಲೆನ್ಸ್ ಇದೆ, ತೋರಿಸ್ಲಾ?’

ಅವನು ಕ್ಯಾಮೆರಾ ಕಸಿದುಕೊಂಡು ಹೊರಗೆ ನಡೆದ. ದಾರಿಯುದ್ದಕ್ಕೂ ನಾನು ಅದನ್ನೇ ಹೇಳಿದೆ: ಒಂದೇ ಒಂದು ಸಲ ಆಟೋದಲ್ಲಿ ತೆಗಿ, ಮೊಳೆಗೆ ಹಾಕು, ಆಮೇಲೆ ನಿನ್ನ ಸಿದ್ಧಾಂತ ನೀನಿಟ್ಟುಕೋ. ಅವನು ನಡುರಸ್ತೆಯಲ್ಲಿ ನಿಂತುಬಿಟ್ಟ. ‘ಲೋ, ನನ್ನ ಸಾಕಿದ ಅಕ್ಕನ ಮುಖ ಎಲ್ಲಿದೆ ಅಂತ ಯಂತ್ರನ ಕೇಳ್ಲೇನೋ?’ ಎಂದ. ಕಣ್ಣಲ್ಲಿ ನೀರಿತ್ತು. ಮೂರು ಸ್ಟಾರ್ ಇದ್ದ ಅವನ ಅಭಿಪ್ರಾಯ ಆ ವಾರ ಎರಡಕ್ಕಿಳಿಯಿತು, ಆಮೇಲೆ ಒಂದಕ್ಕೆ. ಒಂದಕ್ಕಿಂತ ಕಡಿಮೆ ಕೊಡಲು ಅಲ್ಲಿ ಅವಕಾಶವಿಲ್ಲ ಎಂದು ಜಾಲತಾಣದವರಿಗೂ ಬೈದ.

ಅವನು ಹೋದ ಮೇಲೆ ಒಂದು ಮಧ್ಯಾಹ್ನ ಅಕ್ಕನನ್ನು ನೋಡಲು ಹೋದೆ. ಮೋಡ ಕವಿದಿತ್ತು, ಕೋಣೆಯಲ್ಲಿ ಟ್ಯೂಬ್‌ಲೈಟ್ ಉರಿಯುತ್ತಿತ್ತು. ಅಕ್ಕ ಒಳಗಿನಿಂದ ಕ್ಯಾಮೆರಾ ತಂದಳು. ‘ತಗೊಂಡು ಹೋಗಪ್ಪ, ನನಗೆ ಇದನ್ನ ನೋಡಕ್ಕಾಗಲ್ಲ’ ಎಂದವಳು, ಕೈಗೆ ಕೊಡದೆ ನಿಂತಳು. ‘ಹೋಗೋಕೆ ಮುಂಚೆ ನೀನಾದ್ರೂ ಒಂದು ತೆಗೆದುಬಿಡು. ಅವನ ಮೊಳೆ ಖಾಲಿ ಇದೆ. ಇರು, ಮೊದಲು ನೀನು ಹೋಗಿ ನನ್ನ ಜಾಗದಲ್ಲಿ ಕೂತ್ಕೋ, ಹಿಂದೆ ಏನೇನು ಬೀಳುತ್ತೆ ನೋಡ್ತೀನಿ. ಹಳೆ ಬಟ್ಟೆ ರಾಶಿಯೆಲ್ಲ ಫೋಟೋಲಿ ಬರಬಾರದು.’

ನಾನು ಹೊಲಿಗೆ ಯಂತ್ರದ ಮುಂದೆ ಕೂತೆ. ಅಕ್ಕ ಕನ್ನಡಕ ಹಣೆಗೇರಿಸಿ ಕಿಂಡಿಗೆ ಕಣ್ಣಿಟ್ಟಳು. ಅವಳ ಹೆಬ್ಬೆರಳು, ಹೊಲಿಗೆ ಯಂತ್ರದಲ್ಲಿ ದಾರದ ಬಿಗಿ ಸರಿಮಾಡುವಷ್ಟೇ ಸಲೀಸಾಗಿ, ಆ ಪುಟ್ಟ ಚಕ್ರವನ್ನು ತಿರುಗಿಸಿತು.

‘ಏನು ತಿರುಗಿಸಿದೆ ಅಕ್ಕ?’

‘ಕಣ್ಣಿಗೆ ಹೊಂದಿಸ್ಕೊಂಡೆ. ಅವನೇ ಅಲ್ವಾ ಹೇಳ್ಕೊಟ್ಟಿದ್ದು?’

‘ಅವನು ನಿನ್ನ ಫೋಟೋ ತೆಗೆಯೋವಾಗ್ಲೂ ಹೀಗೆ ನೋಡ್ತಿದ್ಯಾ?’

‘ನೋಡ್ದೆ ಇರ್ತೀನಾ? ಪ್ರತಿ ಸಲ ಅವನನ್ನ ಅಲ್ಲಿ ಕೂರಿಸಿ, ನೋಡಿ, ಆಮೇಲೆ ಅವನ ಕೈಗೆ ಕೊಡ್ತಿದ್ದೆ.’

ಅಷ್ಟೇ. ಅವನು ದಿನಾ ಬೆಳಿಗ್ಗೆ, ಅಂಗಡಿಯ ಉಪಕರಣಗಳನ್ನು ನೋಡಿಕೊಳ್ಳುವ ಹಾಗೆಯೇ, ಚಕ್ರವನ್ನು ತನ್ನ ಕಣ್ಣಿಗೆ ಹೊಂದಿಸಿ ಇಡುತ್ತಿದ್ದ. ಅಕ್ಕ ಅದನ್ನು ತನ್ನ ಕಣ್ಣಿಗೆ ತಿರುಗಿಸಿ ಕೊಡುತ್ತಿದ್ದಳು. ಅಕ್ಕನ ನಂಬರಿನಲ್ಲಿ ನೋಡುತ್ತಾ ಅವನು ಅಕ್ಕನ ಮುಖ ಸ್ಪಷ್ಟವಾಗುವ ತನಕ ಲೆನ್ಸ್ ತಿರುಗಿಸುತ್ತಿದ್ದ. ಅವನ ಕಣ್ಣಿಗೆ ಸ್ಪಷ್ಟವಾದದ್ದು ಕ್ಯಾಮೆರಾಕ್ಕೆ ಮಸುಕಾಗುತ್ತಿತ್ತು. ಊರ ಕಣ್ಣುಗಳ ನಂಬರನ್ನೆಲ್ಲ ಬಲ್ಲವನಿಗೆ, ತನ್ನ ಮನೆಯಲ್ಲಿ ಇನ್ನೊಂದು ಜೋಡಿ ಕಣ್ಣಿದೆ ಎಂಬುದು ಹೊಳೆಯಲಿಲ್ಲ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಹೆಬ್ಬೆರಳ ಒಂದು ತಿರುವು! ಅಥವಾ ಆಟೋದಲ್ಲಿ ಒಂದೇ ಒಂದು ಫೋಟೋ! ಬೈಯೋಣವೆಂದರೆ ಅವನಿರಲಿಲ್ಲ. ಕೊಳ್ಳಬಹುದಾ ಎಂದು ಕೇಳಿದವರೇ, ಧಾರಾಳವಾಗಿ ಕೊಳ್ಳಿ. ಕ್ಯಾಮೆರಾದಲ್ಲಿ ಏನೂ ತಪ್ಪಿರಲಿಲ್ಲ.

‘ಏನಾಯ್ತೋ? ಮುಖ ಯಾಕೆ ಹಾಗೆ ಮಾಡ್ಕೊಂಡೆ?’

‘ಏನಿಲ್ಲ. ಬಾ, ಕೂತ್ಕೋ.’

ಗುಂಡಿಯನ್ನು ಆಟೋಗೆ ಸರಿಸಿದೆ. ಕಿಂಡಿಯಲ್ಲಿ ನನಗೆ ಎಲ್ಲ ಮಂಜು ಮಂಜಾಗಿತ್ತು. ಅಕ್ಕ ಎಲ್ಲಿ ಕೂತಿದ್ದಾಳೆಂದಷ್ಟೇ ಕಾಣುತ್ತಿತ್ತು. ಒತ್ತಿದೆ. ಕ್ಯಾಮೆರಾದ ಬೆನ್ನಿನ ಪುಟ್ಟ ಸ್ಕ್ರೀನಿನ ಮೇಲೆ ಫೋಟೋ ಬಂತು. ಅಕ್ಕನ ರೆಪ್ಪೆಯ ಕೂದಲು, ಕನ್ನಡಕದ ದಂಡಿಗೆ ಅವನು ಹಾಕಿಕೊಟ್ಟ ಸಣ್ಣ ತಿರುಪು, ಭುಜಕ್ಕೆ ಅಂಟಿದ ನೀಲಿ ದಾರದ ಚೂರು, ಎಲ್ಲ ಇತ್ತು. ಬಾಯಿ ಮಾತ್ರ ಮುಚ್ಚಿತ್ತು. ಜಗಳ ಕಾಯಲು ಎದುರಿಗೆ ಯಾರೂ ಇರಲಿಲ್ಲವಲ್ಲ.

ಅಕ್ಕ ಅದನ್ನು ಬಹಳ ಹೊತ್ತು ನೋಡಿದಳು.

‘ಇಷ್ಟೇನಾ?’

‘ಇಷ್ಟೇ ಅಕ್ಕ.’

‘ಇಷ್ಟು ಸಲೀಸಾಗಿ ಬರೋದಾದ್ರೆ, ಅವನ್ಯಾಕೋ ಅಷ್ಟು ಒದ್ದಾಡಿದ?’

‘ಇವತ್ತು ಬೆಳಕು ಚೆನ್ನಾಗಿದೆ’ ಎಂದೆ.

ಅಕ್ಕ ಕಿಟಕಿಯಾಚೆಯ ಮೋಡ ನೋಡಿದಳು. ತಲೆಯ ಮೇಲಿನ ಟ್ಯೂಬ್‌ಲೈಟ್ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು.

‘ಇರ್ಬಹುದು’ ಎಂದಳು. ಎದ್ದು ಹೋಗಿ ಮೊಳೆಯಿಂದ ಟೇಪು ತೆಗೆದು ಕೊರಳಿಗೆ ಹಾಕಿಕೊಂಡು, ಯಂತ್ರದ ಮುಂದೆ ಕೂತಳು.