ಪ್ಲೈವುಡ್ ಮನೆಯಲ್ಲಿ ಹಾಲುಕ್ಕಿಸಿದ್ದು

ದೆವ್ವಗಳನ್ನು ಬೇಕಾದರೆ ನಂಬುತ್ತೇನೆ, ಸಿನಿಮಾದಲ್ಲಿ ಅವು ಇರುವ ಮನೆಗಳನ್ನು ಮಾತ್ರ ನಂಬಲಾರೆ ಎಂದು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ನಿಜ ಹೇಳಬೇಕೆಂದರೆ ಆಗ ದೆವ್ವಗಳನ್ನೂ ನಂಬುತ್ತಿರಲಿಲ್ಲ. ಮನೆಗಳ ಬಗ್ಗೆ ಆಡಿದ ಮಾತನ್ನು ಇವತ್ತಿಗೂ ಹಿಂತೆಗೆದುಕೊಂಡಿಲ್ಲ. ನೀವೇ ಯೋಚಿಸಿ. ಎಷ್ಟೋ ವರ್ಷದಿಂದ ಬೀಗ ಬಿದ್ದ ಬಂಗಲೆ, ಒಳಗೆ ಸಾಲುಸಾಲು ಮೇಣದಬತ್ತಿ ಉರಿಯುತ್ತಿರುತ್ತವೆ. ಹಚ್ಚಿದವರು ಯಾರು? ಎರಡು ಕಡೆಯಿಂದ ಮೆಟ್ಟಿಲು, ಆನೆ ಗಾತ್ರದ ತೂಗುದೀಪ. ಬಚ್ಚಲೆಲ್ಲಿ? ಅಡುಗೆಮನೆಯೆಲ್ಲಿ? ಬಟ್ಟೆ ಒಣಹಾಕುವ ಹಗ್ಗವಾದರೂ ಎಲ್ಲಿ? ಬದುಕಿದ್ದಾಗ ಯಾರೂ ಉಣ್ಣದ, ಮೀಯದ ಮನೆಗೆ ಸತ್ತ ಮೇಲೆ ಯಾಕೆ ಅಂಟಿಕೊಳ್ಳುತ್ತಾರೆ?

ಇದನ್ನು ಕೇಳುವ ಹಕ್ಕು ನನಗಿದೆ. ವಡಪಳನಿಯ ತಮಿಳು ಸಿನಿಮಾ ಸ್ಟುಡಿಯೋಗಳಲ್ಲಿ ಅಂಥ ಬಂಗಲೆಗಳನ್ನು ಕಟ್ಟುವ ಕಲಾ ವಿಭಾಗದಲ್ಲಿ ವರ್ಷಗಟ್ಟಲೆ ಸಹಾಯಕಿಯಾಗಿ ದುಡಿದವಳು ನಾನು. ರಬ್ಬರ್ ಅಂಟನ್ನು ಫ್ಯಾನಿನಿಂದ ಊದಿ ಜೇಡರ ಬಲೆ ಮಾಡುವಾಗ ಅರ್ಧ ಬಲೆ ನನ್ನ ತಲೆಯ ಮೇಲೆಯೇ ಇರುತ್ತಿತ್ತು. ಕೊನೆಗೊಮ್ಮೆ ಹೊಸ ನಿರ್ದೇಶಕರೊಬ್ಬರು ತಮ್ಮ ದೆವ್ವದ ಚಿತ್ರದ ಇಡೀ ಕೆಲಸವನ್ನು ನನಗೇ ಒಪ್ಪಿಸಿದರು. ಪರದೆಯ ಮೇಲೆ ಮೊದಲ ಸಲ ಕಲಾ ನಿರ್ದೇಶಕಿ ಎಂದು ನನ್ನ ಹೆಸರು ಬರಲಿತ್ತು. ನಾನು ಹಟ ಹಿಡಿದೆ: ಬಂಗಲೆ ಬೇಡ, ಎರಡು ಕೋಣೆಯ ಬಾಡಿಗೆ ಮನೆ ಸಾಕು. ಅವರು ಹೂಂ ಎಂದರು.

ನಾನು ಹುಟ್ಟಿ ಬೆಳೆದದ್ದು ಅದೇ ಊರಿನ ಪೆರಂಬೂರಿನಲ್ಲಿ. ಅಪ್ಪ ರೈಲ್ವೆಯಲ್ಲಿದ್ದರು. ಮನೆಯೊಳಗೆ ಕನ್ನಡ, ಹೊರಗೆಲ್ಲ ತಮಿಳು. ಅಲ್ಲಿನ ಯಾವುದೇ ಮನೆಯಂತೆ ಕಾಣುವ ಮನೆಯನ್ನು ಸ್ಟುಡಿಯೋದ ಒಳಗೆ ಪ್ಲೈವುಡ್ಡಿನಲ್ಲಿ ಕಟ್ಟಿಸಿದೆ. ಅಡುಗೆಮನೆಗೆ ಮೂರೇ ಗೋಡೆ, ನಾಲ್ಕನೆಯ ಕಡೆ ಕ್ಯಾಮೆರಾ. ಗೋಡೆಗೆ ಅಂಟಿಸಿದ ನಲ್ಲಿಯ ಹಿಂದೆ ಪೈಪೇ ಇರಲಿಲ್ಲ.

ಮೊದಲ ದೃಶ್ಯ ಗೃಹಪ್ರವೇಶದ್ದು. ಸಾಮಾನ್ಯವಾಗಿ ಚಿತ್ರೀಕರಣದಲ್ಲಿ ಹಾಲು ಉಕ್ಕುವುದಕ್ಕೆ ಸೋಪಿನ ನೊರೆ ಹಾಕಿ ಮುಗಿಸುತ್ತಾರೆ. ನಾನು ಬಿಡಲಿಲ್ಲ. ಒಲೆಯನ್ನು ಪೂರ್ವಕ್ಕೆ ಇಡಿಸಿ, ನಿಜವಾದ ಹಾಲು ತರಿಸಿದೆ. ಪುರೋಹಿತನ ಪಾತ್ರದವನ ನಾಲಿಗೆ ಮಂತ್ರಕ್ಕೆ ಹೊರಳದಿದ್ದಾಗ ನಿಜವಾದ ಪುರೋಹಿತರನ್ನೇ ಕರೆಸಿದೆ. ಅವರು ಅಭ್ಯಾಸಬಲದಿಂದ ಒಂದಕ್ಷರವನ್ನೂ ಬಿಡದೆ ಹೇಳಿದರು. ಹಾಲು ಉಕ್ಕಿ ಪೂರ್ವದ ಕಡೆಗೇ ಚೆಲ್ಲಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಮನೆಗೆ ಬಂದು ಹೇಳಿದರೆ ಅಮ್ಮ ಮುಖ ಗಂಟಿಕ್ಕಿದಳು. "ಹಾಲುಕ್ಕಿಸಿದ್ಮೇಲೆ ಅದು ಮನೇನೇ ಕಣೇ. ಸುಮ್ನೆ ಖಾಲಿ ಬಿಡಬಾರದು." ಸಿನಿಮಾಕ್ಕೆ ಶಾಸ್ತ್ರ ಅಂಟುವುದಿಲ್ಲ ಎಂದು ನಾನು ಅವಳ ಬಾಯಿ ಮುಚ್ಚಿಸಿದೆ.

ಮರುದಿನದಿಂದ ಅಡುಗೆಮನೆಯ ಡಬ್ಬಿಗಳು ಜಾಗ ಬದಲಿಸತೊಡಗಿದವು. ನಾನು ಕ್ಯಾಮೆರಾಕ್ಕೆ ಚೆಂದ ಕಾಣುವಂತೆ ಜೋಡಿಸಿ ಹೋಗುತ್ತಿದ್ದೆ. ಬೆಳಿಗ್ಗೆ ಬಂದರೆ ಸಾಸಿವೆ, ಉಪ್ಪು, ಹುಳಿ ಒಲೆಯ ಪಕ್ಕಕ್ಕೆ, ಅಡುಗೆ ಮಾಡುವವರ ಕೈಗೆ ಎಟುಕುವಂತೆ ಬಂದಿರುತ್ತಿದ್ದವು. ಹುಡುಗರ ಕಿತಾಪತಿ ಎಂದು ಎಲ್ಲರನ್ನೂ ಬೈದೆ.

ಇತ್ತ ನಿರ್ದೇಶಕರಿಗೆ ತಳಮಳ ಶುರುವಾಗಿತ್ತು. "ಭಯಮೇ ವರಲಿಯೇಮ್ಮಾ," ಎನ್ನುತ್ತಿದ್ದರು. ಮನೆ ನೋಡಿದರೆ ಯಾರಿಗೂ ಹೆದರಿಕೆಯೇ ಆಗುತ್ತಿಲ್ಲ, ಸಮುದ್ರದ ಕಡೆಯ ಒಂದು ಬಂಗಲೆ ನೋಡಿಟ್ಟಿದ್ದೇನೆ ಎಂದರು. ಮನೆ ಹೋದರೆ ನನ್ನ ಕೆಲಸವೂ ಹೋದಂತೆ.

ಅದೇ ವಾರ ಒಂದು ಮಧ್ಯಾಹ್ನ ಎಲ್ಲರೂ ಹೊರಗೆ ಊಟಕ್ಕೆ ಹೋಗಿದ್ದರು. ನಾನು ಸೆಟ್ಟಿನ ಮುಂಗೋಣೆಯಲ್ಲಿ ಕಿಟಕಿಯ ಪರದೆ ಸರಿಮಾಡುತ್ತಿದ್ದೆ. ಅಡುಗೆಮನೆಯಿಂದ ಹೆಂಗಸೊಬ್ಬಳು, "ಊಟ ಆಯ್ತೇನೇ?" ಎಂದು ಕೇಳಿದಳು. "ಇನ್ನೂ ಇಲ್ಲ," ಎಂದೆ. "ಮತ್ತೆ ಕೈ ತೊಳ್ಕೊಂಡು ಬಾ," ಎಂದಳು.

ಬಂದೆ ಎಂದು ಎರಡು ಹೆಜ್ಜೆ ಇಟ್ಟ ಮೇಲೆಯೇ ನನಗೆ ಹೊಳೆದದ್ದು, ಆಕೆ ಮಾತಾಡಿದ್ದು ಕನ್ನಡ. ಆ ತಂಡದಲ್ಲಿ ಕನ್ನಡ ಬರುತ್ತಿದ್ದವಳು ನಾನೊಬ್ಬಳೇ. ಮೇಕಪ್ಪಿನವರಿಗೆ "ಸ್ವಲ್ಪ ಸ್ವಲ್ಪ ಗೊತ್ತು" ಎನ್ನುವಷ್ಟು ಬರುತ್ತಿತ್ತು, ಅಷ್ಟೇ.

ಪರದೆ ಹಾರಲಿಲ್ಲ, ಬೆಕ್ಕು ಜಿಗಿಯಲಿಲ್ಲ, ಯಾವ ಸಂಗೀತವೂ ಏಳಲಿಲ್ಲ. ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ಶೆಲ್ಫಿನ ಮೇಲೆ ನಾನೇ ಇಟ್ಟಿದ್ದ ಮಣೆ ಈಗ ನೆಲದ ಮೇಲಿತ್ತು. ಅದರ ಮುಂದೆ ತಟ್ಟೆ, ಪಕ್ಕದಲ್ಲಿ ಲೋಟ. ಲೋಟದ ತುಂಬ ನೀರಿತ್ತು. ನಾನು ಮುಟ್ಟಿ ನೋಡಿದೆ, ತಣ್ಣಗಿತ್ತು. ನನಗಾದದ್ದು ಹೆದರಿಕೆಯಲ್ಲ ಎಂದು ಹೇಳಿದರೆ ನೀವು ನಂಬಲಿಕ್ಕಿಲ್ಲ. ನಂಬದಿದ್ದರೆ ಬಿಡಿ. ನನಗಾದದ್ದು ಸಂಕೋಚ, ಹೇಳದೆ ಕೇಳದೆ ಇನ್ನೊಬ್ಬರ ಮನೆಗೆ ನುಗ್ಗಿದಾಗ ಆಗುವಂಥದ್ದು. ಕೂರಲಾಗದೆ ಹೊರಗೆ ಬಂದುಬಿಟ್ಟೆ. ಯಾರಿಗೂ ಹೇಳಲಿಲ್ಲ.

ಎರಡು ದಿನ ಕಳೆದು ನಿರ್ದೇಶಕರು ಕರೆದರು. ಪ್ರಚಾರದವರಿಗೆ ಒಂದು ಉಪಾಯ ಹೊಳೆದಿತ್ತಂತೆ. ಈ ಸೆಟ್ಟಿನಲ್ಲಿ ನಿಜವಾಗಿಯೂ ಒಂದು ದೆವ್ವ ಓಡಾಡುತ್ತಿದೆ, ಕಣ್ಣಾರೆ ಕಂಡೆ ಎಂದು ನಾನು ಕ್ಯಾಮೆರಾ ಮುಂದೆ ಹೇಳಬೇಕು. ಹೇಳಿದರೆ ಮನೆ ಉಳಿಯುತ್ತದೆ, ನನ್ನ ಹೆಸರೂ ಉಳಿಯುತ್ತದೆ. ಇಲ್ಲದಿದ್ದರೆ ನಾಳೆಯೇ ಕಳಚಿ ಬಂಗಲೆಗೆ ಹೋಗುವುದು.

ಒಂದು ಸಣ್ಣ ಸುಳ್ಳು ಹೇಳಿ ಎಂದು ಕೇಳುತ್ತಿದ್ದೇವೆಂದು ಅವರು ತಿಳಿದಿದ್ದರು. ನನ್ನ ಗಂಟಲಲ್ಲಿ ನಿಜವೇ ಕೂತಿತ್ತು. ಆದರೆ ಊಟ ಆಯ್ತೇ ಎಂದು ಕೇಳಿದವಳನ್ನು ದೆವ್ವ ಎಂದು ಕರೆದು, ಬಿಳಿ ಸೀರೆ ಉಡಿಸಿ, ಊರಿಗೆಲ್ಲ ತೋರಿಸಲು ನನಗೆ ಮನಸ್ಸು ಬರಲಿಲ್ಲ. "ಒಣ್ಣುಮೇ ನಡಕ್ಕಲೆ ಸಾರ್," ಎಂದೆ. ಏನೂ ನಡೆದಿಲ್ಲ, ಬೇಕಾದರೆ ಒಡೆದುಕೊಳ್ಳಿ ಎಂದು ಎದ್ದು ಬಂದೆ.

ಒಡೆದರು. ಬಡಗಿಗಳು ಅಡುಗೆಮನೆಯ ಗೋಡೆಗೆ ಕೈ ಹಾಕುವಾಗ ನಾನು ಅಲ್ಲಿ ನಿಲ್ಲಲಿಲ್ಲ. ಚಿತ್ರ ಬಂತು, ತೂಗುದೀಪ ಬಿತ್ತು, ಜನ ಕಿರುಚಿದರು. ಕಲಾ ನಿರ್ದೇಶಕರ ಜಾಗದಲ್ಲಿ ಬೇರೆ ಹೆಸರಿತ್ತು. ಅದಕ್ಕೆ ನನಗೆ ಬೇಸರವಿಲ್ಲ. ಈಗ ಕೇಳಿದರೂ ಆ ಪ್ರಚಾರದವರಿಗೆ ಅದೇ ಉತ್ತರ ಕೊಡುತ್ತೇನೆ. ಆಕೆ ಯಾರು, ಮೂರು ಗೋಡೆಯ ಆ ಪೊಳ್ಳು ಮನೆಗೆ ಎಲ್ಲಿಂದ ಬಂದಳು, ಆ ನೀರು ಎಲ್ಲಿಯದು, ನನಗೆ ತಿಳಿಯದು. ತಿಳಿದವರಂತೆ ವಿವರಿಸಲು ಬಂದವರನ್ನೆಲ್ಲ ವಾಪಸು ಕಳಿಸಿದ್ದೇನೆ.

ಅಮ್ಮನನ್ನು ಮಾತ್ರ ಹಾಗೆ ಕಳಿಸಲಾಗಲಿಲ್ಲ. ಸೆಟ್ ಕಳಚಿದ ಸಂಜೆ ಅವಳು ಕೀರೆ ಸೊಪ್ಪು ಸೋಸುತ್ತ ಕೂತಿದ್ದಾಗ ಎಲ್ಲವನ್ನೂ ಹೇಳಿದೆ. ಪ್ರಚಾರದವರ ಉಪಾಯಕ್ಕೆ ನಾನು ಸೊಪ್ಪು ಹಾಕಲಿಲ್ಲ ಎಂಬುದನ್ನು ಸ್ವಲ್ಪ ಜಂಬದಿಂದಲೇ ಹೇಳಿದೆ. ನಿನಗೇನೋ ಭ್ರಮೆ ಎನ್ನುತ್ತಾಳೆ, ಇಲ್ಲವೇ ದೃಷ್ಟಿ ತೆಗೆಯುತ್ತಾಳೆ ಎಂದುಕೊಂಡಿದ್ದೆ. ಅವಳು ಕೈಯಲ್ಲಿದ್ದ ಕಂತೆಯನ್ನು ಕೆಳಗಿಟ್ಟಳು.

"ತಟ್ಟೆ ಹಾಕಿ ಕರೆದೋಳ ಮನೇನ ಒಡೆಯಕ್ಕೆ ಬಿಟ್ಬಿಟ್ಟು ಬಂದ್ಯಾ?" ಎಂದಳು. "ಪಾವಂ, ಪಾಪ ಕಣೇ. ಈಗ ಎಲ್ಲಿಗೆ ಹೋಗ್ತಾಳೆ?"