ಪೀಠದ ಹಿಂದಿನ ಸುತ್ತು

ಅಟ್ಟದ ಮೇಲೆ ಏನೋ ಸದ್ದಾಯಿತು ಎಂದು ಯಾರಾದರೂ ಹೆದರಿ ಹೇಳಿದರೆ, ಮೊದಲು ಇಲಿ ಹುಡುಕಿ ಎನ್ನುವವಳು ನಾನು. ಇವತ್ತಿಗೂ ಹಾಗೇ ಎನ್ನುತ್ತೇನೆ. ಒಂದು ಸಂಜೆಯ ವಿಷಯದಲ್ಲಿ ಮಾತ್ರ ಹಾಗೆನ್ನಲು ಬರುವುದಿಲ್ಲ. ಅದನ್ನು ನಡೆದ ಹಾಗೇ ಬರೆಯುತ್ತೇನೆ. ನಿಮಗೇನಾದರೂ ಹೊಳೆದರೆ ಸಂತೋಷ.

ತೊಂಬತ್ತರ ದಶಕದ ಕೊನೆಯ ಮಾತು. ನಮ್ಮ ಯಜಮಾನರು ಗೋಣಿಬೀಡಿನ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕಪತ್ರ ನೋಡುವ ರೈಟರ್ ಆಗಿದ್ದರು. ಧಣಿಗಳು ಮಂಗಳೂರು ಕಡೆಯಿಂದ ಬಂದು ನೆಲೆಸಿದ ಕ್ರೈಸ್ತರು. ಬಂಗಲೆಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ಅವರ ಮನೆತನದ್ದೇ ಒಂದು ಪುಟ್ಟ ಇಗರ್ಜಿ ಇತ್ತು. ಹಂಚಿನ ಮಾಡು, ಸುಣ್ಣ ಬಳಿದ ಕಲ್ಲಿನ ಗೋಡೆ, ಕೆಂಪು ಕಾವಿಯ ನೆಲ, ಹಲಸಿನ ಮರದ ಪೀಠ, ಅದರ ಮೇಲೆ ನೀಲಿ ಸೆರಗಿನ ಮೇರಿಯಮ್ಮ. ವರ್ಷಕ್ಕೊಮ್ಮೆ ಪಾದ್ರಿಗಳು ಬಂದು ಪೂಜೆ ಮಾಡಿ ಹೋಗುತ್ತಿದ್ದರು. ಉಳಿದ ದಿನ ಅಲ್ಲಿ ಗುಡಿಸಿ ಒರೆಸುವ ಕೆಲಸವನ್ನು, ಯಾರೂ ಹೇಳದಿದ್ದರೂ, ನಾನೇ ಹಚ್ಚಿಕೊಂಡಿದ್ದೆ. ಅಲ್ಲಿನ ತಂಪು ನನಗೆ ಹಿತವಾಗಿತ್ತು.

ಆ ಇಗರ್ಜಿಯಲ್ಲಿ ನಾನು ಬೇರೆಲ್ಲೂ ಕಾಣದ ಒಂದು ವಿಶೇಷವಿತ್ತು. ಪೀಠದ ಎಡಕ್ಕೆ ಹೊಕ್ಕು, ಹಿಂದಿನಿಂದ ಬಳಸಿ, ಬಲಕ್ಕೆ ಹೊರಬರುವಂತೆ ಒಬ್ಬರೇ ನಡೆಯುವಷ್ಟು ಅಗಲದ ಓಣಿ. ಕಟ್ಟಿದ ಮೇಸ್ತ್ರಿ ಜೀವನವಿಡೀ ದೇವಸ್ಥಾನ ಕಟ್ಟಿದವನಂತೆ. ದೇವರ ಮನೆ ಎಂದ ಮೇಲೆ ಪ್ರದಕ್ಷಿಣೆಗೆ ಜಾಗ ಬೇಡವೇ ಎಂದು, ಯಾರನ್ನೂ ಕೇಳದೆ ಎಬ್ಬಿಸಿಬಿಟ್ಟಿದ್ದ. ಆಗಿನ ಧಣಿಗಳು ನೋಡಿ ತಲೆ ಚಚ್ಚಿಕೊಂಡರಂತೆ. ಹೊಸದಾಗಿ ಬಂದಿದ್ದ ಸೊಸೆ, "ಇರ್ಲಿ ಬಿಡಿ ಮಾವ, ಸುತ್ತು ಬಂದ್ರೆ ಮೇರಿಯಮ್ಮ ಬೇಡ ಅಂತಾಳಾ?" ಎಂದಳಂತೆ. ಆ ಸೊಸೆಯೇ ನಾನು ಕಂಡ ದೊಡ್ಡಮ್ಮೋರು. ದಿನಾ ಸಂಜೆ ಜಪಮಾಲೆ ಹಿಡಿದು, ಕೋಲೂರಿ, ಎಡಗಾಲಿನ ಚಪ್ಪಲಿ ಎಳೆಯುತ್ತಾ ಅಲ್ಲಿ ಸುತ್ತುತ್ತಿದ್ದರು.

ಅಲ್ಲೇ ಒಂದು ದಿನ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಮಂಚ ಹಿಡಿದ ಮೇಲೆ ಮಗ, ಅಂದರೆ ನಮ್ಮ ಕಾಲದ ಧಣಿಗಳು, ಓಣಿಯನ್ನೇ ಮುಚ್ಚಿಸುವುದೆಂದು ನಿಶ್ಚಯಿಸಿದರು.

"ಸೋಮವಾರ ಗಾರೆಯವ್ರು ಬರ್ತಾರೆ ಅಮ್ಮ. ಇನ್ನು ಆ ಜಾಗದ ಸುದ್ದಿನೇ ಬೇಡ."

"ಮುಚ್ಚೋ ಮೊದ್ಲು ಒಂದ್ಸಲ ಸುತ್ತು ಬರ್ಬೇಕು ಮಗಾ. ಅಷ್ಟೇ."

"ಮಗ್ಗುಲಾಗಕ್ಕೇ ಇಬ್ರು ಬೇಕು, ಸುತ್ತು ಅಂತೆ!" ಎಂದು ಅವರು ಎದ್ದು ಹೋದರು. ದೊಡ್ಡಮ್ಮೋರು ಗೋಡೆ ಕಡೆ ಮುಖ ಮಾಡಿದರು. ಗಂಜಿ ಲೋಟ ಹಿಡಿದು ನಿಂತಿದ್ದ ನನಗೆ ಎಲ್ಲಿ ನೋಡುವುದೆಂದು ತಿಳಿಯಲಿಲ್ಲ.

ಆ ಶನಿವಾರ ಸಂಜೆ, ಮುಚ್ಚುವ ಜಾಗವಾದರೂ ಕೊನೆಯ ಸಲ ಚೆನ್ನಾಗಿ ತೊಳೆಯೋಣ ಎಂದು ಹೋದೆ. ಹೊರಗೆ ಇನ್ನೂ ಬೆಳಕಿತ್ತು. ತೋಟವೆಲ್ಲ ಹೂವಾಗಿ ಘಮ್ಮೆನ್ನುತ್ತಿತ್ತು. ಓಣಿ ತೊಳೆದು, ಬಕೆಟ್ ಅಲ್ಲೇ ಬಿಟ್ಟು, ಮುಂದಿನ ನೆಲ ಒರೆಸುತ್ತಿದ್ದೆ. ಪೀಠದ ಹಿಂದೆ ಟಕ್ ಎಂದಿತು. ಮತ್ತೆ ಟಕ್. ನಡುವೆ ಚಪ್ಪಲಿ ಎಳೆಯುವ ಸರಕ್ ಸದ್ದು.

ಯಾರೋ ಎತ್ತಿ ತಂದಿದ್ದಾರೆ ಎಂದುಕೊಂಡೆ. "ದೊಡ್ಡಮ್ಮೋರೇ, ನೆಲ ಒದ್ದೆ ಇದೆ, ನಿಲ್ಲಿ!" ಎಂದು ಎಡಕ್ಕೆ ಹೊಕ್ಕೆ. ಸದ್ದು ನನ್ನ ಮುಂದೆಯೇ ತಿರುಗಿ ಹೋಯಿತು. ಅವಸರದಲ್ಲಿ ಬಕೆಟ್ಟನ್ನು ಒದ್ದುಬಿಟ್ಟೆ, ನೀರೆಲ್ಲ ಚೆಲ್ಲಿ ಸೀರೆಯೂ ತೊಯ್ದಿತು. ಬಲಕ್ಕೆ ಹೊರಬಂದು ನೋಡಿದರೆ ಯಾರೂ ಇಲ್ಲ. ಸದ್ದೂ ನಿಂತಿತ್ತು. ನನಗೆ ಹೆದರಿಕೆಯಾಗಲಿಲ್ಲ, ದುಃಖವಾಯಿತು. ಅಯ್ಯೋ, ಆಸೆ ಇಟ್ಟುಕೊಂಡೇ ಪ್ರಾಣ ಬಿಟ್ಟರಲ್ಲ ಎಂದು ಬಂಗಲೆಗೆ ಓಡಿದೆ.

ದೊಡ್ಡಮ್ಮೋರು ದಿಂಬಿಗೆ ಒರಗಿ ಮಗನ ಕೈಯಿಂದ ಕಾಫಿ ಕುಡಿಯುತ್ತಿದ್ದರು. ಬಾಗಿಲಲ್ಲಿ ನನ್ನನ್ನು ಕಂಡದ್ದೇ, "ಎಂಥ ಓಟ ಮಾರಾಯ್ತಿ ನಿಂದು!" ಎಂದರು. "ಬಕೆಟ್ ಒದ್ದು ನೀರು ಹಾಗೇ ಬಿಟ್ಟು ಬಂದ್ಯಲ್ಲ, ಇನ್ನೊಬ್ರು ಜಾರಿ ಬೀಳ್ಬೇಕಾ?"

ನಾನಿನ್ನೂ ಬಾಯಿ ತೆರೆದಿರಲಿಲ್ಲ. "ಈಗಷ್ಟೇ ಎಚ್ಚರ ಆಗಿದ್ದು, ಕನಸಿರ್ಬೇಕು," ಎಂದ ಧಣಿಗಳು ನನ್ನ ಮುಖ ನೋಡಿ ಲೋಟ ಕೆಳಗಿಟ್ಟರು. ಎದ್ದು ಇಗರ್ಜಿಗೆ ನಡೆದರು. ನಾನು ಹಿಂದೆಯೇ ಹೋದೆ. ಬಕೆಟ್ ಉರುಳಿ ಬಿದ್ದಿತ್ತು, ಓಣಿಯ ತುಂಬ ನೀರು. ಅವರು ಬಗ್ಗಿ ಬಕೆಟ್ ಎತ್ತಿ ನಿಲ್ಲಿಸಿದರು. ಆಮೇಲೆ "ಬಟ್ಟೆ ಕೊಡಿ" ಎಂದು ಇಸಿದುಕೊಂಡು, ಪ್ಯಾಂಟು ಮಡಚಿ, ತಾವೇ ಕೂತು ಒರೆಸಿದರು.

ಸೋಮವಾರ ಗಾರೆಯವರು ಬಂದರು. ಓಣಿ ಮುಚ್ಚಲಿಲ್ಲ, ಗೋಡೆಗುಂಟ ಹಿಡಿದು ನಡೆಯಲು ಒಂದು ಕಂಬಿ ಕೂರಿಸಿ ಹೋದರು.

ನನ್ನ ಒದ್ದೆ ಸೀರೆ ನೋಡಿ ದೊಡ್ಡಮ್ಮೋರು ಊಹಿಸಿದ್ದಾರೆ ಎನ್ನುತ್ತಾರೆ ನಮ್ಮ ಯಜಮಾನರು. ಇರಬಹುದು. ಆದರೆ ಆ ಟಕ್ ಸದ್ದು ಯಾವುದು? ಅವರ ಕೋಲು, ಬಿದ್ದ ದಿನದಿಂದ ಬೀರುವಿನ ಮೇಲೇ ಇತ್ತು. ಒಮ್ಮೆ ಧೈರ್ಯ ಮಾಡಿ, "ಅವತ್ತು ಸುತ್ತು ಬಂದಿದ್ರಾ?" ಎಂದು ಕೇಳಿದ್ದೆ. "ಹಿಂದೆ ಬಂದವ್ಳು ನೀನು, ನನ್ನನ್ನೇನು ಕೇಳ್ತೀಯ?" ಎಂದು ನಕ್ಕರು. ಮಳೆಗಾಲಕ್ಕೆ ಮೊದಲೇ, ಮಂಚದಿಂದ ಇಳಿಯದೆಯೇ, ತೀರಿಕೊಂಡರು.

ಈಗ ನಾವು ಬೇರೆ ಕಡೆ ಇದ್ದೇವೆ. ಪಾದ್ರಿಗಳು ಬರುವ ದಿನಕ್ಕೆ ಮುಂಚೆ ಇಗರ್ಜಿ ತೊಳೆಯಲು ಈಗಲೂ ನನ್ನನ್ನೇ ಕರೆಯುತ್ತಾರೆ. ಆ ಓಣಿಗೆ ಬಂದಾಗ ಬಟ್ಟೆಯನ್ನು ಎರಡೆರಡು ಸಲ ಹಿಂಡಿ, ನೆಲ ಒಣಗುವ ತನಕ ಅಲ್ಲೇ ಕೂತಿರುತ್ತೇನೆ.