ಪಕ್ಕದ ಮನೆಯವಳು ಬಾಯಿ ಬಿಡುವ ಅಧ್ಯಾಯ

ಹೊರಗಿನಿಂದ ಮುಚ್ಚುವ ಬಾಗಿಲು ಒಳಗಿನಿಂದಲೂ ತೆರೆಯಬೇಕು. ಇದನ್ನು ತಿಳಿಯಲು ಎಂಜಿನಿಯರಿಂಗ್ ಓದಬೇಕಿಲ್ಲ. ಉಗ್ರಾಣದಲ್ಲಿ ಸಿಕ್ಕಿಕೊಂಡ ಬೆಕ್ಕಿಗೂ ಗೊತ್ತು. ಆದರೆ ಮೈನಸ್ ಹದಿನೆಂಟು ಡಿಗ್ರಿಯಲ್ಲಿ ಮೀನು, ಬಟಾಣಿ ಕಾಯ್ದಿಡುವ ಆ ಕೋಲ್ಡ್ ಸ್ಟೋರೇಜಿನ ನಾಲ್ಕನೇ ಕೋಣೆಯ ಬಾಗಿಲಿಗೆ ಏಳು ತಿಂಗಳಿಂದ ಒಳಗಡೆ ಹಿಡಿಯೇ ಇರಲಿಲ್ಲ. ಮುರಿದುಹೋದ ಹಿಡಿಯ ಹೆಬ್ಬೆರಳುದ್ದದ ಮೋಟು ಒಂದು ಉಳಿದಿತ್ತು. ಅಲ್ಲಿ ದುಡಿಯುವ ಹದಿಮೂರು ಜನರಿಗೂ ಅದು ಗೊತ್ತು, ಸೂಪರ್‌ವೈಸರಿಗೂ ಗೊತ್ತು. ಒಳಗೆ ಹೋಗುವವರು ಬಾಗಿಲ ಸಂದಿಗೆ ಒಂದು ಮರದ ತುಂಡು ಸಿಕ್ಕಿಸಿ ಹೋಗುತ್ತಿದ್ದರು. ಹದಿಮೂರು ಜೀವಗಳ ಭದ್ರತಾ ವ್ಯವಸ್ಥೆ ಎಂದರೆ ಆ ಮರದ ತುಂಡು.

ಆ ಹದಿಮೂರು ಜನರಲ್ಲಿ ಒಬ್ಬಳಿಗೆ ಪತ್ತೇದಾರಕ್ಕ ಎಂದು ಹೆಸರು ಬಿದ್ದಿತ್ತು. ವಯಸ್ಸು ನಲವತ್ತನಾಲ್ಕು, ಅದರಲ್ಲಿ ಹದಿನೇಳು ವರ್ಷ ಆ ಕೋಣೆಗಳಲ್ಲೇ ಕಳೆದಿತ್ತು. ಗಂಡ ಅದೇ ಕಂಪನಿಯ ಲಾರಿ ಓಡಿಸುತ್ತಾನೆ. ತಿಂಗಳಿಗೆ ನಾಲ್ಕು ದಿನ ಮನೆಯ ಮುಖ ನೋಡಿದರೆ ಹೆಚ್ಚು. ಮನೆಯೂ ಕಂಪನಿಯದೇ, ಗೋದಾಮಿನ ಹಿಂದಿನ ಸಾಲಿನಲ್ಲಿ ಒಂದೂವರೆ ಕೋಣೆಯ ಕ್ವಾರ್ಟರ್ಸ್. ಒಂದು ಕೋಣೆ ಅತ್ತೆಗೆ, ಅರ್ಧ ಸೊಸೆಗೆ. ಲೆಕ್ಕ ಉಲ್ಟಾ ಎಂದು ಅತ್ತೆಯ ವಾದ. ಗೋಡೆಯಾಚೆಗೆ ಕಂಪ್ರೆಸರ್ ಹಗಲೂ ಇರುಳೂ ಗೊರಕೆ ಹೊಡೆಯುತ್ತದೆ. ಅದು ಒಂದು ಕ್ಷಣ ನಿಂತರೂ ಅತ್ತೆಗೆ ನಿದ್ದೆ ಹಾರಿಹೋಗುತ್ತದೆ.

ಪತ್ತೇದಾರಕ್ಕನ ಒಂದೇ ಚಟ, ಉತ್ತರದ ಚಳಿ ದೇಶಗಳಿಂದ ನಮ್ಮ ಭಾಷೆಗೆ ಬಂದ ಪತ್ತೇದಾರಿ ಕಾದಂಬರಿಗಳು. ನಾರ್ವೆ, ಸ್ವೀಡನ್, ಡೆನ್ಮಾರ್ಕ್, ಐಸ್‌ಲ್ಯಾಂಡ್. ಟಯರ್ ಅಂಗಡಿಯ ಮೇಲಿನ ಲೈಬ್ರರಿಯಲ್ಲಿ ಒಮ್ಮೆ ಮುಖಪುಟದ ತುಂಬ ಹಿಮ ಇದ್ದ ಪುಸ್ತಕ ಕಣ್ಣಿಗೆ ಬಿತ್ತು. 'ಚಳಿ ಬಗ್ಗೆ ಬರೆದಿದ್ದಾನೆ. ಎಷ್ಟು ಗೊತ್ತು ನೋಡೋಣ ಇವನಿಗೆ' ಎಂದು ಪರೀಕ್ಷೆ ಮಾಡುವ ಮೇಷ್ಟರ ಗತ್ತಿನಲ್ಲಿ ತೆಗೆದುಕೊಂಡು ಹೋದಳು. ಮೂರು ದಿನದಲ್ಲಿ ವಾಪಸ್ ತಂದು, "ಇನ್ನೊಂದು ಕೊಡಿ" ಎಂದಳು. ಆಮೇಲೆ ಇಪ್ಪತ್ತಾರು ಆದವು.

ಆ ಉದ್ದುದ್ದ ಹೆಸರುಗಳು ಅನ್ನದಲ್ಲಿ ಕಲ್ಲು ಸಿಕ್ಕಿದ ಹಾಗೆ ಹಲ್ಲಿಗೆ ಸಿಗುತ್ತಿದ್ದವು. ಹಾಗಾಗಿ ಅವಳೇ ಎಲ್ಲರಿಗೂ ಮರುನಾಮಕರಣ ಮಾಡಿದಳು: ಹೊಟ್ಟೆನೋವಿನ ಇನ್ಸ್‌ಪೆಕ್ಟರ್, ಕೆಂಪು ಮಫ್ಲರಿನವಳು, ದೋಣಿಯವನ ತಮ್ಮ. ಮಧ್ಯಾಹ್ನ ಮೂರಕ್ಕೇ ಕತ್ತಲಾಗುವ ಆ ಊರುಗಳು ಅವಳಿಗೆ ಇಷ್ಟ. ಯಾರೂ ಕಿರುಚದ, ಮಾತಿಗಿಂತ ಮೌನವೇ ಜಾಸ್ತಿ ಇರುವ ಆ ಮನೆಗಳು ಇಷ್ಟ. ಎಲ್ಲಕ್ಕಿಂತ ಹೆಚ್ಚು ಇಷ್ಟವಾದದ್ದು ಸತ್ತವರು. ಅವರು ಯಾರೂ ದೊಡ್ಡ ಮನುಷ್ಯರಲ್ಲ. ಹೋಟೆಲಿನಲ್ಲಿ ಹಾಸಿಗೆ ಬದಲಾಯಿಸುವವಳು, ಬಂದರಿನಲ್ಲಿ ಮೂಟೆ ಹೊರುವವನು, ಎಲ್ಲಿಂದಲೋ ಬಂದು ಸೇರಿದ ದಾದಿ. ಅಂಥವರೊಬ್ಬರಿಗಾಗಿ ಆ ಇನ್ಸ್‌ಪೆಕ್ಟರ್ ಆರಿದ ಕಾಫಿ ಕುಡಿದು, ಹೊಟ್ಟೆ ಹಿಡಿದುಕೊಂಡು, ನಾನೂರು ಪುಟ ಹಿಮ ತುಳಿಯುತ್ತಾನೆ.

"ಸತ್ತೋರು ಯಾರಾದ್ರೇನು, ಕೇಳೋಕೆ ಒಬ್ಬ ಇದ್ದಾನಲ್ಲ, ಅದೇ ಖುಷಿ" ಎನ್ನುತ್ತಿದ್ದಳು.

ಜಗಳ ಇದ್ದದ್ದು ಅನುವಾದಕರ ಜೊತೆ. 'ಹೆಪ್ಪುಗಟ್ಟಿದ ಶವ' ಎಂದು ಓದಿದಾಗಲೆಲ್ಲ, "ಶವ ಏನು ಮೊಸರಾ ಹೆಪ್ಪು ಹಾಕೋಕೆ? ಮರಗಟ್ಟಿದ ಅನ್ನಬೇಕಪ್ಪ" ಎಂದು ಪುಸ್ತಕಕ್ಕೇ ಬೈಯುತ್ತಿದ್ದಳು. ಒಂದು ಕಡೆ ಅನುವಾದಕ ಮಹಾಶಯ, 'ಅವನು ಕೊನೆಯುಸಿರಿನವರೆಗೂ ಗಡಗಡ ನಡುಗಿದ' ಎಂದು ಬರೆದಿದ್ದ. ಪತ್ತೇದಾರಕ್ಕ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಳು: 'ತಪ್ಪು. ನಡುಗುವವರೆಗೆ ಭಯವಿಲ್ಲ. ನಡುಕ ನಿಂತಾಗ ಹೆದರಬೇಕು.'

ಲೈಬ್ರರಿಯವರು ಅದನ್ನು ಹಿಡಿದರು. "ಇದು ನಿಮ್ಮದೇ ಕೈಬರಹ ಅಲ್ವೇನ್ರೀ?"

"ತಪ್ಪಾಯ್ತು ಸಾರ್. ಅಳಿಸಿಬಿಡ್ತೀನಿ."

"ಅಳಿಸಿದ್ರೆ ಜೋಕೆ! ನೀವಾದ್ಮೇಲೆ ತಗೊಂಡೋರು ಕತೆ ಬಿಟ್ಟು ನಿಮ್ಮ ಪೆನ್ಸಿಲ್ ಓದ್ತಿದ್ದಾರೆ."

ಮನೆಯಲ್ಲಿ ಅತ್ತೆಯ ಮಾತು ಬೇರೆ. "ದಿನಾ ಹೆಣ ಓದ್ತೀಯಲ್ಲ, ವಾಸನೆ ಹೊಡೆಯಲ್ವಾ ನಿನಗೆ?"

"ಅಲ್ಲಿ ಚಳಿ ಅತ್ತೆ. ವಾಸನೆ ಬರಲ್ಲ."

ಊಟದ ಹೊತ್ತಿನಲ್ಲಿ ಅವಳು ಓದಿದ್ದನ್ನು ಹೇಳುತ್ತಿದ್ದಳು. ಕೇಳುವವರಲ್ಲಿ ಮುಂಚೂಣಿಯಲ್ಲಿ ಇದ್ದವಳು ಪಕ್ಕದ ಟ್ರಾಲಿ ತಳ್ಳುವ ಹೆಂಗಸು, ಎರಡು ಮಕ್ಕಳ ತಾಯಿ. ಪ್ರತಿ ವಾಕ್ಯಕ್ಕೂ "ಮುಂದೇನಾಯ್ತು?" ಎಂದು ಪ್ರಾಣ ತಿನ್ನುವುದರಿಂದ ಅವಳ ಹೆಸರೇ ಮುಂದೇನಮ್ಮ ಆಗಿತ್ತು. ಆ ವಾರದ ಕತೆಯಲ್ಲಿ ಬಲೆ ಹೆಣೆಯುವ ಹೆಂಗಸೊಬ್ಬಳು ಮಂಜುಗಟ್ಟಿದ ಕೊಲ್ಲಿಯಲ್ಲಿ ಸತ್ತು ಬಿದ್ದಿದ್ದಳು. ಪಕ್ಕದ ಮನೆಯವಳು ಎಲ್ಲವನ್ನೂ ಕಿಟಕಿಯಿಂದ ನೋಡಿದ್ದಳು. ಇನ್ಸ್‌ಪೆಕ್ಟರ್ ಬಂದು ಕೇಳಿದರೆ, 'ನಾನೇನೂ ನೋಡಿಲ್ಲ' ಎಂದುಬಿಟ್ಟಳು.

"ಪರದೆ ಸರಿಸಿ ನೋಡಿದಾಳೆ, ಈಗ ನೋಡಿಲ್ಲ ಅಂತಾಳಾ? ನಾಲಿಗೆಗೇನು ಲಕ್ವ ಹೊಡೆದಿದೆಯಾ ಅವಳಿಗೆ?" ಎಂದು ಮುಂದೇನಮ್ಮ ಉರಿದುಬಿದ್ದಳು.

"ಬಾಯಿ ಬಿಡೇ ಅಂತ ನಾನೂ ಪುಸ್ತಕ ಹಿಡ್ಕೊಂಡು ಅಲ್ಲಾಡಿಸಿದೆ. ಬಿಡಲಿಲ್ಲ" ಎಂದಳು ಪತ್ತೇದಾರಕ್ಕ.

"ಮುಂದೇನಾಯ್ತು?"

"ಟೀ ಹೊತ್ತಿಗೆ ಹೇಳ್ತೀನಿ, ನಡಿ."

ಅದು ಶುಕ್ರವಾರ. ಅವತ್ತು ಬೆಳಿಗ್ಗೆಯೇ ಸೂಪರ್‌ವೈಸರ್ ಮರದ ತುಂಡನ್ನು ಕಸದ ಬುಟ್ಟಿಗೆ ಎಸೆದಿದ್ದ. ಬಾಗಿಲು ಸಂದಿ ಬಿಟ್ಟುಕೊಂಡಿದ್ದರೆ ತಂಪು ಸೋರುತ್ತದೆ, ಕರೆಂಟು ದಂಡ. "ಕರೆಂಟೇನು ನಿಮ್ಮಪ್ಪನ ಮನೆಯಿಂದ ಬರುತ್ತಾ?" ಎಂದು ಕೂಗಾಡಿದ್ದ. ಎರಡೂವರೆಗೆ ಮುಂದೇನಮ್ಮ ತಪ್ಪು ಜಾಗಕ್ಕೆ ಹೋಗಿದ್ದ ಎರಡು ಪೆಟ್ಟಿಗೆ ತರಲು ನಾಲ್ಕನೇ ಕೋಣೆಗೆ ಹೋದಳು. ಸಂದಿಗೆ ಸಿಕ್ಕಿಸಲು ಏನೂ ಇರಲಿಲ್ಲ, ಬಾಗಿಲು ತನ್ನ ಭಾರಕ್ಕೆ ತಾನೇ ಮುಚ್ಚಿಕೊಂಡಿತು. ಅವಳು ಬಡಿದಳು, ಕೂಗಿದಳು. ಕಂಪ್ರೆಸರ್ ಸದ್ದಿನ ಮುಂದೆ ಅದು ಯಾರಿಗೆ ಕೇಳಬೇಕು?

ಮೂರೂವರೆಗೆ ಟೀ ಬಂತು. ಮುಂದೇನಮ್ಮ ಬರಲಿಲ್ಲ. "ಮನೆಗೆ ಹೋಗಿರಬೇಕು" ಎಂದರು ಯಾರೋ. ಪತ್ತೇದಾರಕ್ಕ ಲೋಟ ಕೆಳಗಿಟ್ಟಳು. ಮಕ್ಕಳಿಗೆ ಜ್ವರ ಬಂದರೂ ಕತೆ ಬಿಟ್ಟು ಹೋಗುವ ಹೆಂಗಸಲ್ಲ ಅದು. ಒಂದನೇ ಕೋಣೆ, ಎರಡನೇ ಕೋಣೆ, ಮೂರನೆಯದು. ನಾಲ್ಕನೆಯದನ್ನು ಎಳೆದಾಗ ಮುಂದೇನಮ್ಮ ಬಾಗಿಲ ಬುಡದಲ್ಲೇ ಕುಕ್ಕರಿಸಿದ್ದಳು. ಗ್ಲೌಸು ಜಾರುತ್ತದೆಂದು ಅದನ್ನು ಕಿತ್ತು, ಬರಿಗೈಯಲ್ಲಿ ಆ ಮೋಟನ್ನು ತಿರುಗಿಸಲು ನೋಡಿದ್ದಳು. ಆ ಚಳಿಯಲ್ಲಿ ಕಬ್ಬಿಣ ಚರ್ಮವನ್ನು ಅಂಟಿಸಿಕೊಳ್ಳುತ್ತದೆ. ಮೋಟಿನ ಮೇಲೆ ಚರ್ಮ ಅಂಟಿತ್ತು. ಅವಳು ನಡುಗುತ್ತಿರಲಿಲ್ಲ.

ಸೂಪರ್‌ವೈಸರ್ ಟೀ ಕೆಟಲ್ಲಿನಲ್ಲಿ ಬಿಸಿನೀರು ಹಿಡಿದು ಓಡಿಬಂದ. ಪತ್ತೇದಾರಕ್ಕ ಅವನ ಕೈ ತಳ್ಳಿದಳು. "ಬಿಸಿನೀರು ಹಾಕಬೇಡಿ! ಕೈ ಉಜ್ಜಬೇಡಿ! ಕಂಬಳಿ ತನ್ನಿ, ಗಾಡಿ ಕರೀರಿ!" ಇದನ್ನು ಅವಳಿಗೆ ಕಂಪನಿ ಕಲಿಸಿರಲಿಲ್ಲ. ಹದಿನೆಂಟನೆಯದೋ ಹತ್ತೊಂಬತ್ತನೆಯದೋ ಕಾದಂಬರಿಯ ಡಾಕ್ಟರಮ್ಮ ಕಲಿಸಿದ್ದಳು. ಜೀವ ಉಳಿಯಿತು. ಬಲಗೈಯ ಎರಡು ಬೆರಳು ಮಾತ್ರ ಉಳಿಯುವುದಿಲ್ಲ ಎಂದರು ಆಸ್ಪತ್ರೆಯಲ್ಲಿ.

ಶನಿವಾರ ಬೆಳಿಗ್ಗೆ ಸೂಪರ್‌ವೈಸರ್ ಅವಳನ್ನು ಒಳಗೆ ಕರೆದ. ಮೇಜಿನ ಮೇಲೆ ಟೈಪ್ ಮಾಡಿದ ಹಾಳೆ. "ಓದಿ ಸಹಿ ಹಾಕಮ್ಮ. ಓದೋದಂದ್ರೆ ನಿನಗೆ ಪ್ರಾಣ ಅಲ್ವಾ?"

'ಒಳಗಿನ ಹಿಡಿ ಸುಸ್ಥಿತಿಯಲ್ಲಿತ್ತು. ಸದರಿ ಕೆಲಸಗಾರ್ತಿ ಗಾಬರಿಗೊಂಡು ಅದನ್ನು ಉಪಯೋಗಿಸಲಿಲ್ಲ.'

"ಸಾರ್, ಅಲ್ಲಿ ಹಿಡಿಯೇ ಇರಲಿಲ್ಲವಲ್ಲ."

"ಈಗ ಇದೆ. ಹೋಗಿ ನೋಡ್ಕೊಂಡು ಬಾ."

ಹೋಗಿ ನೋಡಿದಳು. ಫಳಫಳ ಹೊಳೆಯುವ ಹಿಡಿ. ಸ್ಕ್ರೂಗಳ ತಲೆಯ ಮೇಲೆ ತುಕ್ಕಿನ ಚುಕ್ಕೆಯಿಲ್ಲ, ಹಿಡಿಯ ಸುತ್ತ ಹಳೆಯದರ ಅಚ್ಚು ಇನ್ನೂ ಬೆಳ್ಳಗೆ ಕಾಣುತ್ತಿದೆ. ಬಾಗಿಲ ಕೆಳಗಿನ ಪಟ್ಟಿಯಲ್ಲಿ, ಒರೆಸಲು ಮರೆತ ಒಂದು ಕಂದು ಕಲೆ. ಯಾವಾಗ ಹಾಕಿದ್ದು, ಯಾಕೆ ಹಾಕಿದ್ದು, ಯಾರು ಹಾಕಿಸಿದ್ದು, ಎಲ್ಲವೂ ಅರ್ಧ ನಿಮಿಷದಲ್ಲಿ ಗೊತ್ತಾಯಿತು. ಅದಕ್ಕೆ ನಾನೂರು ಪುಟ ಬೇಕಾಗಲಿಲ್ಲ.

"ನೋಡಿದ್ಯಾ?" ಎಂದ ಸೂಪರ್‌ವೈಸರ್. "ಹನ್ನೊಂದು ಜನ ಹಾಕಿ ಆಯ್ತು. ನಿನ್ನದೊಂದೇ ಬಾಕಿ. ಅಂದಹಾಗೆ, ನಿನ್ನ ಯಜಮಾನರ ಲಾರಿ ಈಗ ಎಲ್ಲಿದೆ? ಅತ್ತೆಯವರಿಗೆ ಆ ಮನೆ ಚೆನ್ನಾಗಿ ಒಗ್ಗಿದೆ ಅಲ್ವಾ? ವಯಸ್ಸಾದೋರು ಪಾಪ, ಜಾಗ ಬದಲಾದ್ರೆ ಕಷ್ಟ."

ದನಿ ಎತ್ತಲಿಲ್ಲ, ಬೈಯಲಿಲ್ಲ. ಕುಶಲ ವಿಚಾರಿಸಿದ, ಅಷ್ಟೇ.

ಅವಳು ಸಹಿ ಹಾಕಿದಳು.

ಅವಳನ್ನು ಹೇಡಿ ಎನ್ನುವವರು ಸ್ವಲ್ಪ ತಾಳಿ. ತಮ್ಮ ಕೆಲಸ, ಗಂಡನ ಕೆಲಸ, ಮನೆಯವರು ಮಲಗುವ ಚಾಪೆಯ ಜಾಗ, ಮೂರೂ ಒಬ್ಬನೇ ಮನುಷ್ಯನ ಜೇಬಿನಲ್ಲಿರುವವರು ಮಾತ್ರ ಮೊದಲ ಕಲ್ಲು ಎತ್ತಿಕೊಳ್ಳಲಿ.

ಭಾನುವಾರ ಆಸ್ಪತ್ರೆಗೆ ಹೋದಳು. ಮುಂದೇನಮ್ಮನ ಬಲಗೈ ಬ್ಯಾಂಡೇಜಿನಲ್ಲಿ ಹೂಕೋಸಿನಷ್ಟು ದಪ್ಪಗಾಗಿತ್ತು.

"ಬಂದ್ಯಾ ಅಕ್ಕಾ! ಎರಡು ದಿನದಿಂದ ಅದೇ ಯೋಚನೆ. ಆ ಪಕ್ಕದ ಮನೆಯವಳು ಬಾಯಿ ಬಿಟ್ಟಳಾ?"

"ಇನ್ನೂ ಇಲ್ಲ."

"ಬಿಡ್ತಾಳೆ ಬಿಡು. ಇಲ್ಲಾಂದ್ರೆ ಕತೆ ಮುಂದೆ ಹೋಗೋದು ಹೇಗೆ?" ನಕ್ಕಳು. ಆಮೇಲೆ ದನಿ ತಗ್ಗಿಸಿದಳು. "ಕಂಪನಿಯೋರು ಬಂದಿದ್ರು. ತಪ್ಪೆಲ್ಲಾ ನಿಂದೇ ಅಂತ ಎಲ್ಲರೂ ಬರ್ಕೊಟ್ಟಿದ್ದಾರೆ ಅಂದ್ರು. ಪರಿಹಾರ ಗಿರಿಹಾರ ಏನೂ ಇಲ್ಲವಂತೆ, ಈ ಕೈಯಲ್ಲಿ ಕೆಲಸಾನೂ ಇಲ್ಲವಂತೆ. ಸುಳ್ಳು ಹೇಳ್ತಾರೆ ಅಲ್ವಾ? ಬೇರೆಯೋರ ಮಾತು ಬಿಡು, ನೀನಂತೂ ಬರ್ಕೊಟ್ಟಿರಲ್ಲ."

ಪತ್ತೇದಾರಕ್ಕ ದಿಂಬು ಸರಿಮಾಡಿದಳು. ಸರಿಯಾಗಿದ್ದ ಹೊದಿಕೆಯನ್ನು ಮತ್ತೆ ಸರಿಮಾಡಿದಳು. ಮುಂದೇನಮ್ಮ ಅವಳ ಮುಖವನ್ನೇ ನೋಡುತ್ತಿದ್ದಳು.

"ಬಟಾಣಿ ಲೋಡು ಬಂತಾ?" ಎಂದು ಕೇಳಿ, ಗೋಡೆಯ ಕಡೆ ಹೊರಳಿದಳು. ಮುಂದೇನು ಎಂದು ಕೇಳಲಿಲ್ಲ.

ಮನೆಗೆ ಬಂದರೆ ಅತ್ತೆ, "ಏನು, ಇವತ್ತು ಯಾರೂ ಸಾಯಲಿಲ್ವಾ?" ಎಂದರು. ಸೊಸೆ ಪುಸ್ತಕ ಮುಟ್ಟದೆ ಕೂತಿದ್ದಳು. ಓದಲು ನೋಡಿದ್ದಳು. ಪಕ್ಕದ ಮನೆಯವಳ ಅಧ್ಯಾಯದ ಹತ್ತಿರ ಬರುತ್ತಲೇ ಸಾಲುಗಳು ಅವಳ ಕಡೆಗೇ ಬೆರಳು ತೋರಿಸಿದವು. ನಡೆದದ್ದನ್ನೆಲ್ಲ ಅತ್ತೆಗೆ ಹೇಳಿದಳು. ಕತೆಗಳಲ್ಲಾದರೆ ಇಂಥ ಕಡೆ ಮುದುಕಿ ಧೈರ್ಯದ ಮಾತಾಡುತ್ತಾಳೆ. ಈ ಅತ್ತೆ ಕಂಪ್ರೆಸರ್ ಸದ್ದಿನ ಗೋಡೆಯ ಕಡೆ ನೋಡಿ, "ಈ ವಯಸ್ಸಿನಲ್ಲಿ ಎಲ್ಲಿಗೆ ಹೋಗಲಿ ನಾನು? ಬಾಯಿ ಮುಚ್ಕೊಂಡಿರು" ಎಂದರು. ಅದೂ ನಿಜವೇ. ಅತ್ತ ದರಿ, ಇತ್ತ ಪುಲಿ.

ಬುಧವಾರ ತಪಾಸಣೆಗೆ ಸರ್ಕಾರಿ ಅಧಿಕಾರಿ ಬಂದರು. ಹೊಟ್ಟೆನೋವಿನ ಇನ್ಸ್‌ಪೆಕ್ಟರ್ ಅಲ್ಲ, ಕಂಕುಳಿಗೆ ಫೈಲು ಸಿಕ್ಕಿಸಿಕೊಂಡ ಒಬ್ಬ ಹೆಂಗಸು, ಕಾಲಲ್ಲಿ ತೆಳು ಚಪ್ಪಲಿ. ನಾಲ್ಕನೇ ಕೋಣೆಯಲ್ಲಿ ಎರಡು ನಿಮಿಷ ನಿಲ್ಲುವಷ್ಟರಲ್ಲಿ ಅವರ ತುಟಿ ನೀಲಿಯಾಯಿತು. ಹೊರಗೆ ಬಂದು, ಸಾಲಾಗಿ ನಿಂತವರಿಗೆ ಒಬ್ಬೊಬ್ಬರದೇ ಹಾಳೆ ತೋರಿಸುತ್ತಾ, "ನಿಮ್ಮದೇ ಸಹಿಯಾ?" ಎಂದು ಕೇಳುತ್ತಾ ಬಂದರು. ಹೌದು ಮೇಡಂ. ಹೌದು ಮೇಡಂ. ಹನ್ನೊಂದು ಸಲ ಹೌದು ಮೇಡಂ. ಸೂಪರ್‌ವೈಸರ್ ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದ.

ಪತ್ತೇದಾರಕ್ಕನ ಸರದಿ ಬಂತು.

"ನಿಮ್ಮದೇ ಸಹಿಯಾ?"

"ಸಹಿ ನಂದು ಮೇಡಂ. ಮಾತು ನಂದಲ್ಲ."

ಸೂಪರ್‌ವೈಸರ್ ಜೋರಾಗಿ ನಕ್ಕ. "ಇವಳು ಪತ್ತೇದಾರಿ ಕಾದಂಬರಿ ಜಾಸ್ತಿ ಓದ್ತಾಳೆ ಮೇಡಂ. ಸೂಜಿ ಬಿದ್ರೂ ಕೊಲೆ ಅಂತಾಳೆ."

"ಓದ್ತೀನಿ ಮೇಡಂ," ಎಂದಳು. ದನಿ ನಡುಗುತ್ತಿತ್ತು. "ಅದಕ್ಕೇ ಕೇಳ್ತಿದ್ದೀನಿ. ಆ ಸ್ಕ್ರೂ ಮುಟ್ಟಿ ನೋಡಿ. ಸುತ್ತ ಇರೋ ಅಚ್ಚು ನೋಡಿ. ಶುಕ್ರವಾರ ಅಲ್ಲಿ ಹಿಡಿ ಇರಲಿಲ್ಲ. ಏಳು ತಿಂಗಳಿಂದ ಇರಲಿಲ್ಲ."

ಅಧಿಕಾರಿ ಮತ್ತೆ ಒಳಗೆ ಹೋದರು, ಮುಟ್ಟಿ ನೋಡಿದರು, ಬರೆದುಕೊಂಡರು. ಬಂದು ಹೇಳಿದರು: "ಸ್ಕ್ರೂ ಹೊಸದೇ. ಆದ್ರೆ ಯಾವತ್ತು ಹಾಕಿದ್ದು ಅಂತ ಅದು ಹೇಳಲ್ಲ. ಹನ್ನೊಂದು ಜನ ಒಂದು ಹೇಳ್ತಿದ್ದಾರೆ, ನೀವೊಬ್ಬರು ಒಂದು. ಪೆಟ್ಟಾದವರ ಮಾತು ಸಾಕ್ಷಿ ಆಗಲ್ಲ. ಕೆಲಸದವರಲ್ಲಿ ಇನ್ನೊಬ್ಬರು, ಒಬ್ಬರೇ ಸಾಕು, ನಿಮ್ಮ ಮಾತನ್ನೇ ಹೇಳಲಿ. ಹದಿನೈದು ದಿನ ಫೈಲು ಮುಚ್ಚಲ್ಲ."

ಹನ್ನೊಂದು ಜೊತೆ ಕಣ್ಣುಗಳು ಸಿಮೆಂಟು ನೆಲದಲ್ಲಿ ಏನನ್ನೋ ಹುಡುಕುತ್ತಿದ್ದವು.

ಮರುದಿನವೇ ಕ್ವಾರ್ಟರ್ಸ್ ಖಾಲಿ ಮಾಡಲು ಚೀಟಿ ಬಂತು. ಕಾರಣ 'ದುರಸ್ತಿ'. ಅವಳ ಮನೆಯೊಂದಕ್ಕೇ ದುರಸ್ತಿ. ಗಂಡ ದೂರದ ಯಾವುದೋ ಡಿಪೋದಿಂದ ಫೋನ್ ಮಾಡಿ, "ಮೂರು ದಿನದಿಂದ ಲೋಡು ಕೊಡದೆ ಕೂರಿಸಿದ್ದಾರೆ. ಏನು ಮಾಡಿದೆ ನೀನು?" ಎಂದ. ಅತ್ತೆ ಮಾತು ಬಿಟ್ಟಿದ್ದಾರೆ. ಊಟದ ಹೊತ್ತಿನಲ್ಲಿ ಅವಳ ಬೆಂಚಿನಲ್ಲಿ ಯಾರೂ ಕೂರುವುದಿಲ್ಲ. ನಿನ್ನೆ ಅವರಲ್ಲೊಬ್ಬ ಕೈತೊಳೆಯುವ ನಲ್ಲಿಯ ಹತ್ತಿರ ಪಿಸುಗುಟ್ಟಿದ: "ಅಕ್ಕಾ, ನೀನು ಹೇಳಿದ್ದು ಸರಿ. ಆದ್ರೆ ನನಗೂ ಮಕ್ಕಳಿದ್ದಾರೆ." ಮುಂದೇನಮ್ಮನಿಗೂ ಇದ್ದಾರೆ ಎಂದು ಅವಳು ಹೇಳಲಿಲ್ಲ. ಅವನಿಗೆ ಗೊತ್ತಿತ್ತು.

ಒಂಬತ್ತು ದಿನ ಕಳೆದಿದೆ. ಆರು ಉಳಿದಿದೆ. ಆರು ದಿನ ಮುಗಿದರೆ ಎರಡು ಬೆರಳು ಕಳೆದುಕೊಂಡವಳು ಗಾಬರಿಗೊಂಡ ಪೆದ್ದಿ, ನಿಜ ಹೇಳಿದವಳು ಕಾದಂಬರಿ ಓದಿ ತಲೆಕೆಟ್ಟವಳು ಎಂದು ಸರ್ಕಾರಿ ಮೊಹರು ಬೀಳುತ್ತದೆ.

ಆ ಹನ್ನೊಂದು ಜನ ಇಂಥ ಕತೆ ಓದುವುದಿಲ್ಲ ಎಂದುಕೊಳ್ಳಬೇಡಿ. ಅವರು ನಿಮ್ಮ ಕಾರ್ಖಾನೆಯಲ್ಲಿದ್ದಾರೆ, ನಿಮ್ಮ ಕಚೇರಿಯಲ್ಲಿದ್ದಾರೆ, ಈಗ ಈ ಸಾಲು ಓದುತ್ತಾ ಕಣ್ಣು ತಪ್ಪಿಸುತ್ತಿದ್ದಾರೆ. ನೀವು ಕಣ್ಣಾರೆ ಕಂಡದ್ದಕ್ಕೆ 'ಕಂಡಿಲ್ಲ' ಎಂದು ಎಲ್ಲಿ ಸಹಿ ಹಾಕಿದ್ದೀರೋ ನಿಮಗೇ ಗೊತ್ತು. ಒಬ್ಬಳು ಮೊದಲೇ ನಿಂತಿದ್ದಾಳೆ. ನಿಮ್ಮನ್ನು ಕೇಳುತ್ತಿರುವುದು ಎರಡನೆಯವರಾಗಲು ಮಾತ್ರ. ನಾಳೆ ಹತ್ತು ಗಂಟೆಗೆ ತಪಾಸಣೆಯ ಕಚೇರಿ ತೆರೆಯುತ್ತದೆ. ಹೋಗಿ, ನೋಡಿದ್ದನ್ನು ಹೇಳಿ.